ಬೆಣೆಗಿಂತ ಮುಂದೆ ಓಡುವ ಬಿರುಕು

ಅಡಕೆ ಕೊಯ್ಲು ಹತ್ತಿರ ಬಂತೆಂದರೆ ಮಲೆನಾಡಿನ ಮನೆಯವರು ಮೊದಲು ನೋಡುವುದು ಸೌದೆ ಕೊಟ್ಟಿಗೆಯನ್ನು. ಸುಲಿದ ಹಸಿ ಅಡಕೆಯನ್ನು ಹಂಡೆಗೆ ಹಾಕಿ ಚೊಗರಿನಲ್ಲಿ, ಅಂದರೆ ಅಡಕೆ ಬೇಯಿಸಿದ ರಸದಲ್ಲಿ, ಬೇಯಿಸಬೇಕು, ಅದಕ್ಕೆ ಉರಿ ಒಂದೇ ಸಮ ಇರಬೇಕು. ಮಧ್ಯದಲ್ಲಿ ಒಲೆ ಹೊಗೆಯಾಡಿದರೆ ಬೇಯಿಸುವವರ ಕಣ್ಣೂ ಹೋಯಿತು, ಅಡಕೆಯ ಬಣ್ಣವೂ ಹೋಯಿತು. ಕೊಟ್ಟಿಗೆಯಲ್ಲಿ ದಿಮ್ಮಿಗಳು ರಾಶಿ ಬಿದ್ದಿದ್ದರೂ ಸೀಳಿದ ಕಟ್ಟಿಗೆ ಇಲ್ಲದಿದ್ದರೆ ಆ ವರ್ಷದ ಕೆಲಸ ತಡವಾಯಿತು ಎಂದೇ ಲೆಕ್ಕ. ಕೊಡಲಿ ಹಿಡಿದು ದಿನವಿಡೀ ಕಟ್ಟಿಗೆ ಒಡೆಯುವವರು ಈಗ ಸಿಗುವುದು ಕಷ್ಟ. ಹಾಗಾಗಿ ಮೂರು ವರ್ಷದ ಹಿಂದೆ ನಾನೂ ವೆಲ್ಡಿಂಗ್ ಶಾಪ್ ಇಟ್ಟುಕೊಂಡಿರುವ ನನ್ನ ಭಾವನೂ ಸೇರಿ ಕಟ್ಟಿಗೆ ಸೀಳುವ ಯಂತ್ರವೊಂದನ್ನು ಮನೆಯಲ್ಲೇ ಕಟ್ಟಿದೆವು.

ಮೊದಲ ದಿನ ನಮ್ಮಿಬ್ಬರ ತಲೆಯಲ್ಲೂ ಇದ್ದದ್ದು ಒಂದೇ: ಎಷ್ಟು ಟನ್ ಒತ್ತಬಹುದು? ಯಂತ್ರ ಕಟ್ಟಿ ಮುಗಿಯುವಷ್ಟರಲ್ಲಿ ಆ ಪ್ರಶ್ನೆ ಹಿಂದೆ ಸರಿದಿತ್ತು. ಮರ ಹೇಗೆ ಸೀಳುತ್ತದೆ ಎಂಬುದು ತಿಳಿಯದೆ ಟನ್ನಿನ ಲೆಕ್ಕ ಹಾಕಿ ಪ್ರಯೋಜನವಿಲ್ಲ.

ಅಡಕೆ ಮರದ ದಬ್ಬೆಯಿಂದಲೇ ಶುರು ಮಾಡುತ್ತೇನೆ. ಒಣಗಿದ ಅಡಕೆ ಮರಕ್ಕೆ ಒಂದು ತುದಿಯಲ್ಲಿ ಕತ್ತಿ ಇಟ್ಟು ಹೊಡೆದು, ಬಾಯಿ ಬಿಟ್ಟ ಕಡೆ ಬೆಣೆ ಸಿಕ್ಕಿಸಿ ಮುಂದೆ ಮುಂದೆ ಬಡಿದರೆ ಇಪ್ಪತ್ತು ಅಡಿಯ ಮರ ಆ ತುದಿಯಿಂದ ಈ ತುದಿವರೆಗೆ ಸರಸರ ಸೀಳುತ್ತದೆ. ಇಡೀ ಕಾಂಡದಲ್ಲಿ ನಾರಿನ ಎಳೆಗಳು ಉದ್ದಕ್ಕೆ ಸಾಲಾಗಿ ನಿಂತಿವೆ. ಕೊಂಬೆಯೇ ಇಲ್ಲದ ಮರವಾದ್ದರಿಂದ ಗಂಟೂ ಇಲ್ಲ. ಹಲಸು, ಮತ್ತಿ, ಅಕೇಶಿಯಾಗಳಲ್ಲೂ ಮೂಲ ವ್ಯವಸ್ಥೆ ಇದೇ. ಮರವೆಂದರೆ ಉದ್ದುದ್ದಕ್ಕೆ ನಿಂತ ಕೋಟ್ಯಂತರ ಸಣ್ಣ ಕೊಳವೆಗಳು. ಅಗಲ ಎಲೆಯ ಮರಗಳಲ್ಲಿ ಒಂದು ನಾರಿನ ಉದ್ದ ಸುಮಾರು ಒಂದು ಮಿಲಿಮೀಟರ್ ಅಷ್ಟೇ. ಅದರ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಹೆಚ್ಚಾಗಿ ಉದ್ದಕ್ಕೆ ಓಡುತ್ತವೆ, ನಾರಿಗೂ ನಾರಿಗೂ ನಡುವೆ ಲಿಗ್ನಿನ್ ಎಂಬ ಅಂಟು ಇರುತ್ತದೆ. ಉದ್ದಕ್ಕೆ ಎಳೆದರೆ ಸೆಲ್ಯುಲೋಸ್ ತಡೆಯುತ್ತದೆ. ಅಡ್ಡಕ್ಕೆ ಎಳೆದರೆ ತಡೆಯುವುದು ಅಂಟು ಮಾತ್ರ, ಅದರ ಬಲ ಹತ್ತಾರು ಪಟ್ಟು ಕಡಿಮೆ. ಕಟ್ಟಿಗೆ ಸೀಳುವುದೆಂದರೆ ನಾರನ್ನು ಕಡಿಯುವುದಲ್ಲ, ಈ ಅಂಟನ್ನು ಬಿಡಿಸುವುದು.

ಕೊಟ್ಟಿಗೆಯಲ್ಲಿ ಎರಡು ತಿಂಗಳು ಬಿದ್ದಿದ್ದ ದಿಮ್ಮಿಯ ಕೊಯ್ದ ಮುಖವನ್ನು ಒಮ್ಮೆ ಹತ್ತಿರದಿಂದ ನೋಡಿ. ನಡುವಿನ ತಿರುಳಿನಿಂದ ತೊಗಟೆಯ ಕಡೆಗೆ ನಕ್ಷತ್ರದ ಕಿರಣದಂತೆ ಬಿರುಕುಗಳು ಬಿಟ್ಟಿರುತ್ತವೆ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ತೊಗಟೆಯಿಂದ ತಿರುಳಿನ ಕಡೆಗೆ ಎಷ್ಟು ಕುಗ್ಗುತ್ತದೋ, ಬೆಳವಣಿಗೆಯ ಉಂಗುರದ ಗುಂಟ ಹೆಚ್ಚುಕಡಿಮೆ ಅದರ ಎರಡರಷ್ಟು ಕುಗ್ಗುತ್ತದೆ. ಒಳಗಿನ ಗಾತ್ರ ಇದ್ದಷ್ಟೇ ಇದ್ದು ಸುತ್ತಿನ ಪಟ್ಟಿ ಮಾತ್ರ ಬಿಗಿಯಾಗುತ್ತಾ ಹೋದರೆ ಪಟ್ಟಿ ಎಲ್ಲೋ ಒಂದು ಕಡೆ ಹರಿಯಲೇಬೇಕು. ಹರಿಯುವುದು ತಿರುಳಿನಿಂದ ಹೊರಗೆ ಹೋಗುವ ಕಿರಣ ಕೋಶಗಳ ಗುಂಟ, ಏಕೆಂದರೆ ಅಲ್ಲಿ ಮರ ಮೊದಲೇ ಸಡಿಲ. ಕಾಫಿ ತೋಟದ ಸಿಲ್ವರ್ ಓಕ್‌ನಲ್ಲಿ ಈ ಕಿರಣಗಳು ಬರಿಗಣ್ಣಿಗೇ ಕಾಣುವಷ್ಟು ದಪ್ಪ.

ನಾನು ಹುಡುಗನಾಗಿದ್ದಾಗ ದೊಡ್ಡಪ್ಪ ಹೇಳುತ್ತಿದ್ದರು: “ತಮಾ, ಬಿರುಕು ನೋಡಿ ಹೊಡಿ. ಮರ ಎಲ್ಲಿ ಬಾಯಿ ಬಿಡ್ತು ಅಂತ ಅದೇ ತೋರಿಸ್ತು.” ಆಗ ಅದು ಕೈಚಳಕದ ಮಾತು ಅನ್ನಿಸಿತ್ತು. ನಿಜಕ್ಕೂ ಅದು ಭೌತಶಾಸ್ತ್ರ. 1921ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಎ.ಎ. ಗ್ರಿಫಿತ್ ಗಾಜು ಯಾಕೆ ಲೆಕ್ಕಕ್ಕಿಂತ ಬಹಳ ಬೇಗ ಒಡೆಯುತ್ತದೆ ಎಂಬುದನ್ನು ವಿವರಿಸಿದರು. ಅದರಲ್ಲಿ ಮೊದಲೇ ಇರುವ ಸಣ್ಣ ಬಿರುಕುಗಳೇ ಕಾರಣ. ಬಲವೆಲ್ಲ ಬಿರುಕಿನ ತುದಿಯಲ್ಲಿ ಒಟ್ಟಾಗುತ್ತದೆ. ಬಿರುಕು ಒಂದಿಷ್ಟು ಬೆಳೆದಾಗ ಸಡಿಲವಾಗುವ ಶಕ್ತಿ, ಹೊಸ ಮೇಲ್ಮೈ ಹುಟ್ಟಲು ಬೇಕಾದ ಶಕ್ತಿಯನ್ನು ಮೀರಿದರೆ ಬಿರುಕು ತಾನಾಗಿ ಓಡುತ್ತದೆ. ಮರ ಗಾಜಿನಷ್ಟು ಸರಳವಲ್ಲ, ಆದರೆ ಇರುವ ಬಿರುಕಿಗೆ ಬೆಣೆ ಇಟ್ಟರೆ ಕೆಲಸ ಹಗುರವಾಗುವುದು ಇದೇ ಕಾರಣಕ್ಕೆ.

ಈಗ ಯಂತ್ರಕ್ಕೆ ಬರೋಣ. ಗುಜರಿಯಲ್ಲಿ ಜೆಸಿಬಿಯ ಹಳೆಯ ಹೈಡ್ರಾಲಿಕ್ ಸಿಲಿಂಡರ್ ಸಿಕ್ಕಿತು. ಒಳವ್ಯಾಸ 100 ಮಿಲಿಮೀಟರ್, ದಂಡ ಹೊರಬರುವ ಉದ್ದ 600 ಮಿಲಿಮೀಟರ್. 5 ಎಚ್‌ಪಿ ಮೋಟರು, ಅದಕ್ಕೊಂದು ಗೇರ್ ಪಂಪು, ಎಣ್ಣೆಯ ಟ್ಯಾಂಕು, ಸನ್ನೆಯ ವಾಲ್ವು. ಇದರ ಹಿಂದಿರುವ ತತ್ವ ಪಾಸ್ಕಲ್‌ನದು: ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹಂಚಿಕೆಯಾಗುತ್ತದೆ. ಅದನ್ನು ಕೆಲಸದ ಯಂತ್ರವಾಗಿಸಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದವರು ಜೋಸೆಫ್ ಬ್ರಾಮಾ, 1795ರಲ್ಲಿ. ಲೆಕ್ಕ ಕೈಬೆರಳಲ್ಲೇ ಮುಗಿಯುತ್ತದೆ. 100 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಮುಖ 78.5 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 180 ಕೆ.ಜಿ. ಇದ್ದರೆ ತಳ್ಳುವ ಬಲ 14 ಟನ್ ದಾಟುತ್ತದೆ. ಒಂದು ಲಾರಿ ಲೋಡಿನಷ್ಟು ಭಾರ ಒಂದು ಅಂಗೈ ಅಗಲದ ಉಕ್ಕಿನ ಮೇಲೆ!

ಆದರೆ ಆ ಬಲ ದಿಮ್ಮಿಯ ಮೇಲೆ ಮಾತ್ರ ಬೀಳುವುದಿಲ್ಲ. ಸಿಲಿಂಡರ್ ದಿಮ್ಮಿಯನ್ನು ಬೆಣೆಯ ಕಡೆಗೆ ಎಷ್ಟು ಬಲದಿಂದ ತಳ್ಳುತ್ತದೋ, ಸಿಲಿಂಡರನ್ನೂ ಬೆಣೆಯನ್ನೂ ಹೊತ್ತ ಕೆಳಗಿನ ತೊಲೆಯನ್ನು ಅಷ್ಟೇ ಬಲದಿಂದ ಹಿಂದಕ್ಕೂ ಮುಂದಕ್ಕೂ ಎಳೆಯುತ್ತದೆ. ಎಳೆತದ ಗೆರೆ ತೊಲೆಯ ನಡುವಿಗಿಂತ ಮೇಲಿರುವುದರಿಂದ ತೊಲೆ ಬಾಗುತ್ತದೆ. ನಾವು ಮೊದಲು ಹಾಕಿದ್ದು 100 ಮಿಲಿಮೀಟರಿನ ಎರಡು ಚಾನೆಲ್‌ಗಳನ್ನು (‘ಸಿ’ ಆಕಾರದ ಉಕ್ಕಿನ ಪಟ್ಟಿ) ಬೆನ್ನಿಗೆ ಬೆನ್ನು ಸೇರಿಸಿ ವೆಲ್ಡ್ ಮಾಡಿದ ತೊಲೆ. ಮೂರನೇ ದಿನ ಹಲಸಿನ ಬುಡವೊಂದಕ್ಕೆ ಒತ್ತುತ್ತಿದ್ದಾಗ ಅದು ಬಾಳೆಕಾಯಿಯಂತೆ ಬಗ್ಗಿತು. ಭಾವ ಕೂಡಲೇ ಸನ್ನೆ ಬಿಟ್ಟ, ಯಾರಿಗೂ ಏನೂ ಆಗಲಿಲ್ಲ. ಆ ರಾತ್ರಿ ಕೂತು ಲೆಕ್ಕ ಹಾಕಿದರೆ ತೊಲೆಯಲ್ಲಿ ಚದರ ಮಿಲಿಮೀಟರಿಗೆ ಸುಮಾರು 300 ನ್ಯೂಟನ್ ಒತ್ತಡ ಬಂದಿತ್ತು. ಕಟ್ಟಡಕ್ಕೆ ಬಳಸುವ ಮಾಮೂಲಿ ಉಕ್ಕು 250ರ ಹತ್ತಿರವೇ ಸೋಲುತ್ತದೆ. ಆಮೇಲೆ 200 ಮಿಲಿಮೀಟರ್ ಎತ್ತರದ ಐ-ಬೀಮ್ ತಂದೆವು. ಅದರ ತೂಕ ಮೀಟರಿಗೆ 25 ಕೆ.ಜಿ., ಹಳೆಯ ಜೋಡಿ ಚಾನೆಲ್‌ಗಿಂತ ಮೂರನೇ ಒಂದರಷ್ಟು ಮಾತ್ರ ಹೆಚ್ಚು. ಬಾಗದೆ ತಡೆಯುವ ಶಕ್ತಿ ಮಾತ್ರ ಮೂರು ಪಟ್ಟು. ಉಕ್ಕು ನಡುವಿನಿಂದ ದೂರ ಇದ್ದಷ್ಟೂ ಬಾಗುವಿಕೆಗೆ ಹೆಚ್ಚು ಎದುರು ನಿಲ್ಲುತ್ತದೆ, ಅಷ್ಟೇ. ಮನೆಯಲ್ಲಿ ಇಂಥ ಯಂತ್ರ ಕಟ್ಟುವವರು ದಯವಿಟ್ಟು ತೊಲೆಯಲ್ಲಿ ಉಳಿತಾಯ ಮಾಡಬೇಡಿ.

ಎರಡನೆಯ ಪಾಠ ಬೆಣೆಯದು. ಹರಿತವಾಗಿದ್ದಷ್ಟೂ ಒಳ್ಳೆಯದೆಂದು ಲಾರಿಯ ಹಳೆಯ ಪ್ಲೇಟುಪಟ್ಟಿಯನ್ನು ತೀಡಿ ಚಾಕುವಿನಂತೆ ತೆಳ್ಳಗೆ ಮಾಡಿದ್ದೆವು. ಅದು ದಿಮ್ಮಿಯೊಳಗೆ ಸಲೀಸಾಗಿ ಹೋಯಿತು, ಹೋಗಿ ಅಲ್ಲೇ ಕೂತುಬಿಟ್ಟಿತು. ದಿಮ್ಮಿಯನ್ನು ಬಿಡಿಸಲು ಸಮ್ಮಟಿಗೆ ಬೇಕಾಯಿತು. ಶಾಲೆಯ ಪುಸ್ತಕದ ಪ್ರಕಾರ ಬೆಣೆ ತೆಳುವಾದಷ್ಟೂ ಲಾಭ ಹೆಚ್ಚು: ಘರ್ಷಣೆಯೇ ಇಲ್ಲದಿದ್ದರೆ 10 ಡಿಗ್ರಿ ಕೋನದ ಬೆಣೆ ತಳ್ಳಿದ ಬಲದ ಸುಮಾರು 5.7 ಪಟ್ಟನ್ನು ಪಕ್ಕಕ್ಕೆ ಕೊಡಬೇಕು, 30 ಡಿಗ್ರಿಯದು 1.9 ಪಟ್ಟು. ಉಕ್ಕಿಗೂ ಮರಕ್ಕೂ ನಡುವಿನ ಘರ್ಷಣಾಂಕ 0.3 ಎಂದು ಹಿಡಿದು ಲೆಕ್ಕ ಹಾಕಿದಾಗ ಚಿತ್ರವೇ ಬದಲಾಗುತ್ತದೆ. 10 ಡಿಗ್ರಿಯ ಬೆಣೆ ಕೊಡುವುದು ಬರೀ 1.26 ಪಟ್ಟು, 30 ಡಿಗ್ರಿಯದು 0.8 ಪಟ್ಟು. ಲಾಭದ ಬಹುಪಾಲನ್ನು ತಿಕ್ಕಾಟವೇ ನುಂಗಿಬಿಟ್ಟಿತು. ಅಷ್ಟು ಸಣ್ಣ ಲಾಭಕ್ಕೆ ತೆಳು ಬೆಣೆ ಮೂರು ಪಟ್ಟು ಆಳ ಹೋಗಬೇಕು, ಹೋದ ಮೇಲೆ ಹೊರಗೂ ಬರುವುದಿಲ್ಲ.

ಈಗಿರುವ ಬೆಣೆಗೆ ಎರಡು ಕೋನ. ಮೊದಲ ಒಂದೂವರೆ ಇಂಚು ತೆಳು, ಮರದೊಳಗೆ ಕಚ್ಚಿಕೊಳ್ಳಲು. ಅದರ ಹಿಂದೆ ದಪ್ಪ ಭುಜ, ಅಗಲಿಸಲು. ಈ ಬೆಣೆ ಕೆಲಸ ಮಾಡುವಾಗ ಪಕ್ಕದಿಂದ ಬಗ್ಗಿ ನೋಡಿದರೆ ಒಂದು ವಿಷಯ ಕಾಣುತ್ತದೆ. ಭುಜ ಮರಕ್ಕೆ ತಾಗಿದ ಕೂಡಲೇ ಬಿರುಕು ಬೆಣೆಯ ಬಾಯಿಗಿಂತ ನಾಲ್ಕು ಬೆರಳು, ಕೆಲವೊಮ್ಮೆ ಒಂದು ಗೇಣು ಮುಂದೆ ಓಡಿಬಿಡುತ್ತದೆ. ಬೆಣೆಯ ಹರಿತವಾದ ಬಾಯಿ ಆಗ ಮರವನ್ನು ಮುಟ್ಟುತ್ತಲೇ ಇರುವುದಿಲ್ಲ, ಖಾಲಿ ಸಂದಿಯಲ್ಲಿ ಹೋಗುತ್ತಿರುತ್ತದೆ. ಎರಡು ಹೋಳುಗಳೂ ಸನ್ನೆಕೋಲಿನಂತೆ ಬಾಗಿ ಬಿರುಕಿನ ತುದಿಯನ್ನು ತೆರೆಯುತ್ತಿರುತ್ತವೆ. ಬಿರುಕು ಉದ್ದವಾದಷ್ಟೂ ಸನ್ನೆಕೋಲೂ ಉದ್ದ, ಬೇಕಾಗುವ ಬಲ ಕಡಿಮೆ. ಒತ್ತಡದ ಮೀಟರಿನ ಮುಳ್ಳು ಇದನ್ನೇ ಹೇಳುತ್ತದೆ: ನೆಟ್ಟಗಿನ ಅಕೇಶಿಯಾ ದಿಮ್ಮಿಗೆ ಬೆಣೆ ತಾಗಿದ ಕ್ಷಣ 120ಕ್ಕೆ ಏರಿ, ‘ಟಪ್’ ಎಂಬ ಸದ್ದಿನ ಜೊತೆಗೆ 40ಕ್ಕಿಂತ ಕೆಳಗೆ ಬೀಳುತ್ತದೆ.

ಮುಳ್ಳಿನ ಈ ಏರಿಳಿತದಿಂದಲೇ ಪಂಪಿನ ಆಯ್ಕೆಯೂ ತೀರ್ಮಾನವಾಯಿತು. ಮೊದಲು ಹಾಕಿದ್ದ ಪಂಪು ನಿಮಿಷಕ್ಕೆ 10 ಲೀಟರ್ ಎಣ್ಣೆ ತಳ್ಳುತ್ತಿತ್ತು. ಸಿಲಿಂಡರ್ ತುಂಬಲು 4.7 ಲೀಟರ್ ಬೇಕು, ಅಂದರೆ ದಂಡ ಪೂರ್ತಿ ಹೊರಬರಲು 28 ಸೆಕೆಂಡು. ಅಷ್ಟು ಹೊತ್ತಲ್ಲಿ ದೊಡ್ಡಪ್ಪ ಕೊಡಲಿಯಲ್ಲಿ ಎರಡು ದಿಮ್ಮಿ ಒಡೆದು ಮುಗಿಸುತ್ತಿದ್ದರು. ದೊಡ್ಡ ಪಂಪು ಹಾಕೋಣವೆಂದರೆ 5 ಎಚ್‌ಪಿ ಮೋಟರು ಪೂರ್ತಿ ಒತ್ತಡದಲ್ಲಿ ಅದನ್ನು ತಿರುಗಿಸಲಾರದು. ದೊಡ್ಡ ಬಲ ಬೇಕಿರುವುದು ಒಂದೆರಡು ಸೆಕೆಂಡು ಮಾತ್ರ ಎಂದ ಮೇಲೆ ಜೋಡಿ ಪಂಪು ಸಾಕು. ಒತ್ತಡ ಕಡಿಮೆ ಇರುವಾಗ ಎರಡೂ ಸೇರಿ ನಿಮಿಷಕ್ಕೆ 30 ಲೀಟರ್ ತಳ್ಳುತ್ತವೆ, ಒತ್ತಡ ಏರಿದ ಕೂಡಲೇ ದೊಡ್ಡದು ತಾನಾಗಿ ಕಳಚಿಕೊಳ್ಳುತ್ತದೆ. 28 ಸೆಕೆಂಡಿನ ಕೆಲಸ ಹತ್ತು ಸೆಕೆಂಡಿಗೆ ಬಂತು.

ಹೈಡ್ರಾಲಿಕ್ ಇಲ್ಲದೆಯೂ ದಾರಿಯಿದೆ. ಎರಡೂವರೆ ಕೆ.ಜಿ.ಯ ಕೊಡಲಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬಂದು ಬಿದ್ದರೆ ಅದರಲ್ಲಿ 125 ಜೂಲ್ ಶಕ್ತಿ ಇರುತ್ತದೆ. 60 ಕೆ.ಜಿ.ಯ ಭಾರಚಕ್ರವೊಂದು ಕಾಲು ಮೀಟರ್ ತ್ರಿಜ್ಯದ ಅಂಚಿನಲ್ಲಿ ತೂಕ ಹೊತ್ತು ನಿಮಿಷಕ್ಕೆ 300 ಸುತ್ತು ತಿರುಗುತ್ತಿದ್ದರೆ ಸುಮಾರು 1,850 ಜೂಲ್, ಅಂದರೆ ಹದಿನೈದು ಪೆಟ್ಟಿನ ಶಕ್ತಿ ಒಂದೇ ಸಲಕ್ಕೆ. ಸಣ್ಣ ಮೋಟರು ಸಾಕು, ಕೆಲಸವೂ ಚುರುಕು. ಆದರೆ ಹೊರಟ ಚಕ್ರವನ್ನು ಅರ್ಧದಲ್ಲಿ ನಿಲ್ಲಿಸಲು ಆಗದು. ಮೊಬೈಲಿನ ವಿಡಿಯೋಗಳಲ್ಲಿ ಕಾಣುವ ತಿರುಗುವ ಶಂಕುವಿನ ತಿರುಪುಯಂತ್ರದ ಬಗ್ಗೆ ನನಗೆ ನಿಜವಾದ ಭಯವಿದೆ. ಅದು ಹೆಗಲ ಮೇಲಿನ ಶಲ್ಯವನ್ನೋ ಸೀರೆಯ ಸೆರಗನ್ನೋ ಹಿಡಿದರೆ ಬಿಡುವುದಿಲ್ಲ, ಸಿಕ್ಕಿಕೊಂಡ ದಿಮ್ಮಿಯನ್ನೇ ಗರಗರ ತಿರುಗಿಸಿ ಕಾಲಿಗೆ ಬಡಿಯಬಲ್ಲದು. ಮನೆಗೆ ತರಬೇಡಿ.

ಹೈಡ್ರಾಲಿಕ್ ಯಂತ್ರ ನಿಧಾನ, ಆದರೆ ಸನ್ನೆ ಬಿಟ್ಟಲ್ಲಿ ನಿಲ್ಲುತ್ತದೆ. ಯುರೋಪಿನಲ್ಲಿ ಮಾರುವ ಇಂಥ ಯಂತ್ರಗಳಿಗೆ ಎರಡು ಹಿಡಿಕೆ ಇರುತ್ತವೆ. ಎರಡೂ ಕೈ ಹಿಡಿಕೆಯ ಮೇಲಿದ್ದರೆ ಮಾತ್ರ ದಂಡ ಮುಂದೆ ಹೋಗುತ್ತದೆ, ಹಾಗಾಗಿ ಕೈ ಬೆಣೆಯ ಹತ್ತಿರ ಹೋಗುವ ಮಾತೇ ಇಲ್ಲ. ನಾವೂ ಹಾಗೇ ಮಾಡಿಕೊಂಡಿದ್ದೇವೆ. ದಿಮ್ಮಿಯ ಎರಡೂ ಮುಖ ನೇರವಾಗಿ ಕೊಯ್ದಿರಬೇಕು, ಓರೆಯಾಗಿದ್ದರೆ ಹಾರುತ್ತದೆ. ಇನ್ನೊಂದು ಅಪಾಯ ಕಣ್ಣಿಗೇ ಕಾಣುವುದಿಲ್ಲ. ಹೋಸ್‌ಪೈಪಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಅಲ್ಲಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಮೊದಲಿಗೆ ಹೆಚ್ಚಿರುವುದಿಲ್ಲ. ಆದರೆ ಅದು ಕೂಡಲೇ ಶಸ್ತ್ರಚಿಕಿತ್ಸೆ ಬೇಕಾದ ಗಾಯ, ತಡವಾದರೆ ಬೆರಳೇ ಹೋಗಬಹುದು. ಸೋರಿಕೆ ಹುಡುಕಲು ಎಂದೂ ಕೈ ಸವರಬೇಡಿ, ರಟ್ಟಿನ ತುಂಡು ಹಿಡಿಯಿರಿ.

ಇಷ್ಟೆಲ್ಲ ಕಷ್ಟಪಟ್ಟು ಸೀಳುವುದೇಕೆ, ದಿಮ್ಮಿಯನ್ನೇ ಒಲೆಗೆ ನೂಕಬಾರದೇ? ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಒಂದು ಕೆ.ಜಿ. ನೀರನ್ನು ಆವಿ ಮಾಡಲು 2.26 ಮೆಗಾಜೂಲ್ ಶಾಖ ಬೇಕು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಆ ನೀರು ಉರಿಯನ್ನು ತಣ್ಣಗಾಗಿಸಿ, ಮರದಿಂದ ಹೊರಟ ಅನಿಲ ಉರಿಯದೆ ಹೊಗೆಯಾಗಿಯೇ ಹೋಗುತ್ತದೆ. ಅಡುಗೆಮನೆಯ ಹೆಂಗಸರ ಶ್ವಾಸಕೋಶಕ್ಕೆ ಇಳಿಯುವುದು ಆ ಹೊಗೆ. ಮರದೊಳಗಿನ ನೀರು ನಾರಿನ ಗುಂಟ ಸುಲಭವಾಗಿ ಹರಿಯುತ್ತದೆ, ಅಡ್ಡಕ್ಕೆ ಬಲು ನಿಧಾನ, ತೊಗಟೆಯನ್ನಂತೂ ದಾಟುವುದೇ ಕಷ್ಟ. ಸೀಳಿದಾಗ ತೊಗಟೆಯ ಗೋಡೆ ಒಡೆದು ಒಳಗಿನ ಮರ ಗಾಳಿಗೆ ತೆರೆದುಕೊಳ್ಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ರೂಪಿಸಿದ ಒಲೆ ನಮ್ಮ ಕಡೆಯ ಹಲವು ಮನೆಗಳಿಗೆ ಬಂದಾಗ ಹಿರಿಯರು ಮೊದಲು ಎತ್ತಿದ ತಕರಾರು ಅದಕ್ಕೆ ಸಣ್ಣ ಕಟ್ಟಿಗೆ ಬೇಕು ಎಂಬುದು. ಹೊಗೆ ಕಡಿಮೆಯಾದದ್ದರಲ್ಲಿ ಒಲೆಯ ಜೊತೆಗೆ ಆ ಸಣ್ಣ, ಒಣ ಕಟ್ಟಿಗೆಯ ಪಾಲೂ ಇತ್ತು ಎಂದು ನಾನು ನಂಬುತ್ತೇನೆ.

ನಮ್ಮ ಯಂತ್ರಕ್ಕೆ ಬಗ್ಗದ ಮರಗಳೂ ಇವೆ. ಹೊನ್ನೆಯಂಥ ಮರದಲ್ಲಿ ನಾರು ಒಂದು ಪದರದಲ್ಲಿ ಎಡಕ್ಕೆ ಓರೆ, ಮುಂದಿನ ಪದರದಲ್ಲಿ ಬಲಕ್ಕೆ ಓರೆಯಾಗಿ ಹೆಣೆದುಕೊಂಡಿರುತ್ತದೆ. ಅಲ್ಲಿ ಬಿರುಕು ಓಡುವುದಿಲ್ಲ, ಎಳೆ ಎಳೆಯಾಗಿ ಹರಿಯಬೇಕು. ಕವಲಿನ ಗಂಟಿನಲ್ಲಿ ಕೊಂಬೆಯ ನಾರು ಕಾಂಡದ ನಾರಿಗೆ ಅಡ್ಡ ಬಂದು ಹೊಲಿಗೆ ಹಾಕಿದ ಹಾಗೆ ಕೂತಿರುತ್ತದೆ. ಮೀಟರಿನ ಮುಳ್ಳು 180 ಮುಟ್ಟಿ, ಹೆಚ್ಚಿನ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವು ಕಿರುಗುಟ್ಟಿದರೆ ಭಾವ ದಂಡ ಹಿಂದಕ್ಕೆ ತೆಗೆಯುತ್ತಾನೆ. ಅಂಥ ಬುಡಗಳನ್ನು ಬಚ್ಚಲೊಲೆಯ ಪಕ್ಕಕ್ಕೆ ಹೊತ್ತು ಹಾಕುತ್ತೇವೆ. ಮಳೆಗಾಲದಲ್ಲಿ ರಾತ್ರಿ ಒಂದನ್ನು ಹಂಡೆಯ ಅಡಿಗೆ ನೂಕಿದರೆ ಬೆಳಗ್ಗೆ ಬೂದಿ ಕೆದಕಿದಾಗ ಕೆಂಡ ಇನ್ನೂ ಕೆಂಪಾಗಿರುತ್ತದೆ, ಹಂಡೆಯ ನೀರೂ ಬಿಸಿಯಾಗಿರುತ್ತದೆ.