ಕೆಲವರಿಗೊಂದು, ಕೆಲವರಿಗೊಂದು ನಿಯಮ: ಕೋರ್ಟು ಅದನ್ನು ಹೇಗೆ ಪರೀಕ್ಷಿಸುತ್ತದೆ?

ಪ್ರಶ್ನೆ: ಒಂದೇ ಹುದ್ದೆಯಿಂದ ನಿವೃತ್ತರಾದ ಇಬ್ಬರಲ್ಲಿ ಒಬ್ಬರಿಗೆ ಹೆಚ್ಚು ಪಿಂಚಣಿ, ಇನ್ನೊಬ್ಬರಿಗೆ ಕಡಿಮೆ. ಇದು ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುವ ಸಂವಿಧಾನದ 14ನೇ ವಿಧಿಯ ಉಲ್ಲಂಘನೆ ಅಲ್ಲವೇ?

ಉತ್ತರ: ವ್ಯತ್ಯಾಸ ಇದೆ ಎಂಬುದೊಂದರಿಂದಲೇ ನಿಯಮ ಬಿದ್ದುಹೋಗುವುದಿಲ್ಲ. ತೆರಿಗೆಗೆ ಆದಾಯ, ಮತದಾನಕ್ಕೆ ವಯಸ್ಸು ಎಂದು ಕಾನೂನು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಕೋರ್ಟು ನೋಡುವುದು ಆ ಗೆರೆಯನ್ನು. 1952ರ ಅನ್ವರ್ ಅಲಿ ಸರ್ಕಾರ್ ಪ್ರಕರಣದ ಕಾಲದಿಂದ ಕೇಳುತ್ತಾ ಬಂದಿರುವುದು ಎರಡು ಪ್ರಶ್ನೆ. ಗೆರೆಯ ಒಳಗಿರುವವರನ್ನು ಹೊರಗಿರುವವರಿಂದ ಬೇರ್ಪಡಿಸುವ ಸ್ಪಷ್ಟ ಲಕ್ಷಣ ಇದೆಯೇ? ಆ ಲಕ್ಷಣಕ್ಕೂ ಕಾನೂನಿನ ಉದ್ದೇಶಕ್ಕೂ ತರ್ಕಬದ್ಧ ಸಂಬಂಧ ಇದೆಯೇ? ಆ ಪ್ರಕರಣದಲ್ಲಿ, ಯಾವ ಮೊಕದ್ದಮೆಯನ್ನು ಬೇಕಾದರೂ ವಿಶೇಷ ನ್ಯಾಯಾಲಯಕ್ಕೆ ಕಳಿಸುವ ಅಧಿಕಾರ ಪಶ್ಚಿಮ ಬಂಗಾಳ ಸರ್ಕಾರಕ್ಕಿತ್ತು. ಯಾವ ಬಗೆಯ ಮೊಕದ್ದಮೆ ಎಂಬ ಮಾನದಂಡವೇ ಇರಲಿಲ್ಲ. ಆ ಅಧಿಕಾರ ರದ್ದಾಯಿತು.

ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು ಡಿ.ಎಸ್. ನಕಾರ ತೀರ್ಪು. ಕೇಂದ್ರ ಸರ್ಕಾರ ಪಿಂಚಣಿ ಲೆಕ್ಕದ ಸೂತ್ರವನ್ನು ಉದಾರಗೊಳಿಸಿ, 1979ರ ಮಾರ್ಚ್ 31ರಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ ಅನ್ವಯಿಸಿತು. ಹಿಂದಿನ ದಿನ ನಿವೃತ್ತರಾದವರು ಹಳೆಯ ಲೆಕ್ಕದಲ್ಲೇ ಉಳಿದರು. ಉದ್ದೇಶ ವೃದ್ಧಾಪ್ಯದ ಭದ್ರತೆಯಾದರೆ, ಒಂದು ದಿನದ ಅಂತರ ಅದಕ್ಕೆ ಹೇಗೆ ಸಂಬಂಧಿಸುತ್ತದೆ? ಸರ್ಕಾರದ ಬಳಿ ಉತ್ತರವಿರಲಿಲ್ಲ. ಸುಪ್ರೀಂ ಕೋರ್ಟ್ ಯೋಜನೆಯನ್ನು ಉಳಿಸಿಕೊಂಡು, ದಿನಾಂಕದ ಷರತ್ತನ್ನಷ್ಟೇ ಕತ್ತರಿಸಿ ತೆಗೆಯಿತು. ಆದರೆ 1979ರ ಮಾರ್ಚ್ 31ಕ್ಕೆ ಹಿಂದಿನ ಅವಧಿಯ ಹಿಂಬಾಕಿ ಕೊಡಿಸಲಿಲ್ಲ.

ಇದನ್ನು ಓದಿದ ಅನೇಕರು ಎಲ್ಲ ಕಟ್-ಆಫ್ ದಿನಾಂಕಗಳೂ ಅಸಿಂಧು ಅಂದುಕೊಳ್ಳುತ್ತಾರೆ. ಹಾಗಲ್ಲ. ಭವಿಷ್ಯ ನಿಧಿ ಪಡೆದು ನಿವೃತ್ತರಾದ ರೈಲ್ವೆ ನೌಕರರು ಇದೇ ವಾದ ಹೂಡಿದಾಗ, 1990ರ ಕೃಷ್ಣ ಕುಮಾರ್ ತೀರ್ಪು ಅವರ ಬೇಡಿಕೆಯನ್ನು ಒಪ್ಪಲಿಲ್ಲ. ಒಮ್ಮೆಗೇ ಹಣ ಪಡೆದವರು ಮತ್ತು ತಿಂಗಳು ತಿಂಗಳು ಪಿಂಚಣಿ ಪಡೆಯುವವರು ಒಂದೇ ವರ್ಗವಲ್ಲ ಎಂದಿತು. ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲೇ: ಹೋಲಿಸಿಕೊಂಡ ವ್ಯಕ್ತಿ ನಿಜಕ್ಕೂ ಸಮಾನ ಸ್ಥಿತಿಯಲ್ಲಿ ಇದ್ದರೆಂದು ತೋರಿಸಲು ಆಗುವುದಿಲ್ಲ.

ಭಿನ್ನ ಸ್ಥಿತಿಯಲ್ಲಿರುವವರನ್ನು ಬೇರೆ ಬೇರೆ ಗುಂಪು ಮಾಡದೇ ಇರುವುದೂ ತಪ್ಪಾಗಬಹುದು. ಕಂಪನಿಗಳ ರಾಜಕೀಯ ದೇಣಿಗೆಗೆ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ರ ಮಿತಿ ಇತ್ತು. 2017ರಲ್ಲಿ ಅದನ್ನು ತೆಗೆದರು. 2024ರ ಚುನಾವಣಾ ಬಾಂಡ್ ತೀರ್ಪು ಆ ತಿದ್ದುಪಡಿಯನ್ನು ಸ್ಪಷ್ಟವಾಗಿ ಮನಸೋಇಚ್ಛೆಯದೆಂದು ರದ್ದುಮಾಡಿತು. ಲಾಭದಲ್ಲಿರುವ ಕಂಪನಿಯನ್ನೂ ನಷ್ಟದ ಕಂಪನಿಯನ್ನೂ ಒಂದೇ ಎಂದು ಕಂಡದ್ದು ಅದಕ್ಕೊಂದು ಕಾರಣ.

ನೀವು 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವುದಾದರೆ, ಕಾನೂನು ಸಿಂಧು ಎಂಬ ಊಹೆಯಿಂದಲೇ ಕೋರ್ಟು ಆರಂಭಿಸುತ್ತದೆ, ಅದನ್ನು ಮುರಿಯುವ ಹೊಣೆ ನಿಮ್ಮದು ಎಂಬುದು ಗೊತ್ತಿರಲಿ. "ತಾರತಮ್ಯವಾಗಿದೆ" ಎಂದು ಬರೆದರೆ ಸಾಲದು. ಇಬ್ಬರ ಹುದ್ದೆ, ಸೇವಾವಧಿ, ನಿವೃತ್ತಿ ದಿನಾಂಕ, ಯಾವ ಯೋಜನೆಗೆ ಸೇರಿದವರು ಎಂಬುದನ್ನು ದಾಖಲೆ ಸಮೇತ ಕೊಡಿ. ಆದೇಶದ ಪೀಠಿಕೆಯಲ್ಲಿ ಹೇಳಿರುವ ಉದ್ದೇಶವನ್ನು ಉಲ್ಲೇಖಿಸಿ, ಗೆರೆ ಅದಕ್ಕೆ ಎಲ್ಲಿ ಹೊಂದುವುದಿಲ್ಲ ಎಂದು ತೋರಿಸಿ. ಆದರೆ ಹೋಲಿಸಿಕೊಂಡವರಿಗೆ ಹೆಚ್ಚಿನ ಮೊತ್ತ ತಪ್ಪಾಗಿ ಸಿಕ್ಕಿದ್ದರೆ ಈ ದಾರಿ ಹಿಡಿಯಬೇಡಿ. ಅವರಿಗಾದ ತಪ್ಪನ್ನೇ ನಿಮಗೂ ಮಾಡಿ ಎಂದು ಕೇಳಲು 14ನೇ ವಿಧಿ ಅವಕಾಶ ಕೊಡುವುದಿಲ್ಲ.