ಮೈಕ್ ತಪ್ಪಿದ ಸೋಲೋ: ‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’ ಕೇಳುವವರಿಗೆ

‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’ ಒಂದು ಜಾಝ್ ಆಲ್ಬಮ್. ಕೇಳುವ ಮೊದಲು ಒಂದು ಪದ. ಜಾಝ್‌ನಲ್ಲಿ ಕೋರಸ್ ಅಂದರೆ ಗುಂಪಾಗಿ ಹಾಡುವುದಲ್ಲ. ರಚನೆಯ ಚೌಕಟ್ಟು ಒಂದು ಸುತ್ತು ಮುಗಿಸಿದರೆ ಅದೇ ಒಂದು ಕೋರಸ್. ತಾಳದ ಆವರ್ತನ ಇದ್ದ ಹಾಗೆ, ಆದರೆ ಇಲ್ಲಿ ಎಣಿಕೆಯ ಜೊತೆ ಕಾರ್ಡ್‌ಗಳೂ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು) ಸುತ್ತುತ್ತವೆ. ಬ್ಲೂಸ್ ಎಂಬ ಶೈಲಿಯ ಒಂದು ಸುತ್ತಿಗೆ ಸಾಮಾನ್ಯವಾಗಿ 12 ಬಾರ್, ಪ್ರತಿ ಬಾರ್‌ಗೆ ನಾಲ್ಕು ಎಣಿಕೆ.

ಈಗ 1956ರ ಜುಲೈ 7, ಅಮೆರಿಕದ ರೋಡ್ ಐಲೆಂಡ್. ನ್ಯೂಪೋರ್ಟ್ ಜಾಝ್ ಉತ್ಸವ. ಜಾಝ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ತಂಡದ ಮುಖ್ಯ ಸರದಿ ಬಂದಾಗ ಮಧ್ಯರಾತ್ರಿ ಹತ್ತಿರ. ಅವರು 1937ರ ಹಳೆಯ ಬ್ಲೂಸ್ ರಚನೆ ‘ಡಿಮಿನ್ಯುಯೆಂಡೊ ಅಂಡ್ ಕ್ರೆಸೆಂಡೊ ಇನ್ ಬ್ಲೂ’ ಎತ್ತಿಕೊಂಡರು. ಅದಕ್ಕೆ ಎರಡು ಭಾಗ. ನಡುವಿನ ಜಾಗದಲ್ಲಿ ಪಾಲ್ ಗೊನ್ಸಾಲ್ವೆಸ್ ಟೆನರ್ ಸ್ಯಾಕ್ಸೋಫೋನ್‌ನಲ್ಲಿ 27 ಕೋರಸ್‌ನ ಸೋಲೋ ಊದಿಬಿಟ್ಟರು. ಲೆಕ್ಕ ಹಾಕಿ, 324 ಬಾರ್! ಜನ ಕುರ್ಚಿ ಬಿಟ್ಟು ಎದ್ದರು. ಒಬ್ಬ ಹೆಂಗಸು ಕುಣಿಯತೊಡಗಿದರು. ವೇದಿಕೆ ಪಕ್ಕದಲ್ಲಿ ಡ್ರಮ್ಮರ್ ಜೋ ಜೋನ್ಸ್ ಸುತ್ತಿದ ಪೇಪರಿನಿಂದ ತಾಳ ಬಡಿಯುತ್ತಿದ್ದರು.

ಎಡವಟ್ಟಾಗಿದ್ದು ಇಲ್ಲೇ. ವೇದಿಕೆ ಮೇಲೆ ಕೊಲಂಬಿಯಾ ರೆಕಾರ್ಡ್ ಕಂಪನಿಯ ಮೈಕೂ ಇತ್ತು, ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕೂ ಇತ್ತು. ಗೊನ್ಸಾಲ್ವೆಸ್ ಊದಿದ್ದು ರೇಡಿಯೋದ ಮೈಕಿಗೆ! ಹಾಗಾಗಿ ಕೊಲಂಬಿಯಾದ ಎಲ್‌ಪಿಯಲ್ಲಿ (ಗ್ರಾಮಫೋನ್ ತಟ್ಟೆಯಲ್ಲಿ) ಅವರು ಎಲ್ಲೋ ಹಿಂದೆ ನಿಂತ ಹಾಗೆ ಕೇಳುತ್ತದೆ, ಜನರ ಗದ್ದಲವೇ ಮುಂದೆ. ಆ ಎಲ್‌ಪಿ ಪೂರ್ತಿ ಲೈವ್ ಕೂಡ ಅಲ್ಲ. ಜುಲೈ 9ಕ್ಕೆ ಸ್ಟುಡಿಯೋದಲ್ಲಿ ಕೆಲವು ರಚನೆಗಳನ್ನು ಮತ್ತೆ ನುಡಿಸಿ, ಮೇಲೆ ಚಪ್ಪಾಳೆ ಅಂಟಿಸಿದ್ದರು. ಮೋಸ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ಸೋಲೋ ಮಾತ್ರ ಅಸಲಿ.

ಆಮೇಲೆ ರೇಡಿಯೋದವರ ಟೇಪ್ ಸಿಕ್ಕಿತು. ಅದೂ ಕೊಲಂಬಿಯಾದ ಟೇಪೂ ಎರಡೂ ಮೋನೋ, ಅಂದರೆ ಎಡ-ಬಲ ಬೇರೆಯಿಲ್ಲದ ಒಂದೇ ಧ್ವನಿ. 1999ರಲ್ಲಿ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಹೊಂದಿಸಿ ಸ್ಟೀರಿಯೋ ಮಾಡಿ ಸಿಡಿ ತಂದರು. ಕಲಿಯುವವರು ಇದನ್ನೇ ಕೇಳಿ.

ಎಣಿಸೋದು ಹೇಗೆ? ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳಿನ ಗೆಣ್ಣುಗಳ ಮೇಲೆ ಓಡಿಸಿ. ಬೆರಳಿಗೆ ಮೂರರಂತೆ ಸರಿಯಾಗಿ 12. ಗೆಣ್ಣಿಗೊಂದು ಬಾರ್, ಹನ್ನೆರಡೂ ಗೆಣ್ಣು ಮುಗಿದರೆ ಒಂದು ಕೋರಸ್. ಸ್ಯಾಕ್ಸೋಫೋನಿನ ಹಿಂದೆ ಓಡಬೇಡಿ, ದಾರಿ ತಪ್ಪುತ್ತೀರಿ. ಕಿವಿ ಬೇಸ್ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಮೇಲಿರಲಿ. ನಾನು ಮೊದಲ ಸಲ ಹನ್ನೊಂದನೇ ಸುತ್ತಿನಲ್ಲೇ ಲೆಕ್ಕ ಕಳೆದುಕೊಂಡು, ಎಣಿಸೋದು ಬಿಟ್ಟು ಸುಮ್ನೆ ಕೇಳುತ್ತಾ ಕೂತೆ.