ಟೈಂಟೇಬಲ್ ನಾಲ್ಕೇ ದಿನಕ್ಕೆ ನಿಂತುಹೋಯಿತು, ಏನು ಮಾಡೋದು?

ಪ್ರಶ್ನೆ: ನಾವು ಹಾಸನದಲ್ಲಿದ್ದೇವೆ. ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮಕ್ಕಳಿಗೆ ಏಳು ಮತ್ತು ಮೂರು ವರ್ಷ. ಸಂಜೆಯಾದರೆ ಮನೆ ಸಂತೆಯಾಗುತ್ತದೆ. ಟೈಂಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದೆವು, ನಾಲ್ಕು ದಿನ ನಡೆಯಿತು ಅಷ್ಟೆ. ಮನೆಗೊಂದು ಕ್ರಮ ತರುವುದು ಹೇಗೆ?

ಉತ್ತರ: ಆ ಟೈಂಟೇಬಲ್ ತೆಗೆದುಬಿಡಿ. ಮೂರು ವರ್ಷದ ಮಗುವಿಗೆ ಏಳೂವರೆ ಗಂಟೆ ಅಂದರೆ ಏನು ಗೊತ್ತಾಗುತ್ತೆ? ದೀಪ ಹಚ್ಚಿದ ಮೇಲೆ ಊಟ, ಊಟ ಆದ ಮೇಲೆ ಕಥೆ ಅಂದರೆ ಗೊತ್ತಾಗುತ್ತದೆ. ನೀವು ಕೆಲಸದಿಂದ ಅರ್ಧ ಗಂಟೆ ತಡವಾಗಿ ಬಂದರೆ ಟೈಂಟೇಬಲ್ ಕೆಡುತ್ತದೆ. ಒಂದಾದ ಮೇಲೊಂದು ಬರುವ ಸಾಲು ಕೆಡುವುದಿಲ್ಲ.

ನಮ್ಮನೆಯಲ್ಲಿ ಇದು ಶುರುವಾದದ್ದು ಒಂದು ಮಳೆಗಾಲದಲ್ಲಿ. ದಿನಾ ಸಂಜೆ ಕರೆಂಟ್ ಹೋಗುತ್ತಿತ್ತು. ಅತ್ತೆ ದೀಪ ಹಚ್ಚುವಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹತ್ತಿ ಕೊಟ್ಟು, ಅಂಗೈಯಲ್ಲಿ ಹೊಸೆಯಲು ಹೇಳಿಕೊಟ್ಟರು. ಅವಳ ಮೊದಲ ಬತ್ತಿ ಒಂದು ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದು ತುದಿಯಲ್ಲಿ ಬರೀ ನೂಲು. ಅತ್ತೆ ಅದನ್ನೇ ಎಣ್ಣೆಯಲ್ಲಿ ಅದ್ದಿ ಹಚ್ಚಿದರು. ಮಳೆಗಾಲ ಮುಗಿದರೂ ಆ ಕೆಲಸ ಅವಳದೇ ಆಗಿ ಉಳಿಯಿತು. ಒಂದು ದಿನ ನಾನು ಎಂಟು ಗಂಟೆಗೆ ಬಂದು ಅವಸರದಲ್ಲಿ ನೇರ ತಟ್ಟೆ ಹಾಕಿದೆ. "ಅಮ್ಮಾ, ದೀಪ?" ಅಂದಳು. ದೀಪ ಹಚ್ಚಿಯೇ ಊಟಕ್ಕೆ ಕೂತೆವು.

ದೇವರ ದೀಪವೇ ಆಗಬೇಕು ಅಂತಿಲ್ಲ. ಗಿಡಕ್ಕೆ ನೀರು ಹಾಕುವುದಾದರೂ ಸರಿ. ಅದು ದಿನಾ ಒಂದೇ ಥರ ಇರಬೇಕು, ಮಗುವಿನ ಕೈಗೆ ಅಲ್ಲೊಂದು ಕೆಲಸ ಇರಬೇಕು.

ಆಮೇಲೆ ಮಲಗುವ ಹೊತ್ತು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳಿರುವ 405 ತಾಯಂದಿರು ಭಾಗವಹಿಸಿದ್ದರು. ಕ್ರಮ ಪಾಲಿಸಿದವರು ಮಾಡಿದ್ದು ಇಷ್ಟೇ: ಸ್ನಾನ, ಮೈ ನೀವುವುದು, ಲಾಲಿಯಂಥ ಗದ್ದಲವಿಲ್ಲದ ಆಟಪಾಠ, ಸ್ನಾನವಾಗಿ ಅರ್ಧ ಗಂಟೆಯೊಳಗೆ ಲೈಟ್ ಆಫ್. ಎರಡೇ ವಾರದಲ್ಲಿ ಮಕ್ಕಳು ಬೇಗ ನಿದ್ದೆಹೋದರು, ರಾತ್ರಿ ಏಳುವುದು ಕಡಿಮೆಯಾಯಿತು. ತಾಯಂದಿರ ಮನಸ್ಸೂ ಹಗುರಾಯಿತು. ನನಗೆ ಇದೇ ಮುಖ್ಯ ಅನ್ನಿಸುವುದು. ಕೊಬ್ಬರಿ ಎಣ್ಣೆ ಹಚ್ಚಿ ಕಾಲು ನೀವುತ್ತಾ ಮಲಗಿಸುವುದು ನಮಗೇನು ಹೊಸದಲ್ಲ, ಅಲ್ವಾ? ಆದರೆ ಆ ಹೊತ್ತಿಗೆ ಮೊಬೈಲ್ ಬೇರೆ ಕೋಣೆಯಲ್ಲಿರಲಿ, ನಿಮ್ಮದು ಕೂಡ. ಪರದೆಯ ಬೆಳಕಿಗೆ ಮೈಗೆ ಇನ್ನೂ ರಾತ್ರಿಯಾಗಿಲ್ಲ ಅನ್ನಿಸಿ ನಿದ್ದೆ ಮುಂದೆ ಹೋಗುತ್ತದೆ.

ವಾರಕ್ಕೊಂದು ಗುರುತು ಬೇಕಾದರೆ ಭಾನುವಾರ ಅಕ್ಕಿರೊಟ್ಟಿ ಮಾಡಿ. ಒಂದು ಉಂಡೆ ಮಕ್ಕಳಿಗೂ ಕೊಡಿ, ಬಾಳೆಲೆ ಮೇಲೆ ತಟ್ಟಲಿ. ವರ್ಷದ ಗುರುತಿಗೆ ಹಾಸನದವರು ಬೇರೆ ಹುಡುಕಬೇಕಿಲ್ಲ. ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಗುಡಿಯ ಬಾಗಿಲು ತೆರೆಯುತ್ತದೆ, ಬಲಿಪಾಡ್ಯಮಿ ಕಳೆದು ಮುಚ್ಚುತ್ತದೆ. ತಿಂಗಳ ಹೆಸರು ಬಾರದ ಮಗುವಿಗೂ ಬಾಗಿಲು ತೆಗೆದ ಮೇಲೆ ದೀಪಾವಳಿ ಅನ್ನುವುದು ನೆನಪಿರುತ್ತದೆ.

ಎಲ್ಲ ಒಟ್ಟಿಗೆ ಶುರು ಮಾಡಬೇಡಿ. ದೊಡ್ಡದು ಬತ್ತಿ ಹೊಸೆಯಲಿ, ಬೆಂಕಿಪೊಟ್ಟಣ ನಿಮ್ಮ ಕೈಯಲ್ಲೇ ಇರಲಿ. ಚಿಕ್ಕದು ಊಟಕ್ಕೆ ಲೋಟ ಇಡಲಿ. ಮೊದಲ ಹದಿನೈದು ದಿನಕ್ಕೆ ಇಷ್ಟು ಸಾಕು.